ಹತ್ತೊಂಬತ್ತಕ್ಕಿಂತ ಒಂಬತ್ತು ಹೆಚ್ಚೆಂದ ಭಾವ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೊರಟಿದ್ದ ಬಸ್ಸು ಐಮಂಗಲ ದಾಟಿದ ಮೇಲೆ ಸರ್ವೀಸ್ ರಸ್ತೆಗೆ ಇಳಿದು ನಿಂತುಬಿಟ್ಟಿತು. ಮುಂದೆ ಕುರಿಹಿಂಡು. ಡ್ರೈವರ್ ಎರಡು ಸಲ ಹಾರನ್ ಒತ್ತಿ, ಪ್ರಯೋಜನವಿಲ್ಲವೆಂದು ಸುಮ್ಮನಾದ. ಕುರಿಗಳು ಬಸ್ಸಿನ ಎರಡೂ ಮಗ್ಗುಲಿಗೆ ಉಜ್ಜಿಕೊಂಡು ಹೋಗುತ್ತಿದ್ದವು. ಕಿಟಕಿಯಿಂದ ಒದ್ದೆ ಉಣ್ಣೆಯ ವಾಸನೆ ಬಂತು, ಅದರ ಹಿಂದೆಯೇ ಟರ್ಪೆಂಟೈನ್ ಎಣ್ಣೆಯ ಘಾಟು. ಯಾವುದೋ ಕುರಿಯ ಹುಣ್ಣಿಗೆ ಯಾರೋ ಬೆಳಿಗ್ಗೆ ಹಚ್ಚಿ ಕಳಿಸಿರಬೇಕು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಹಿಡಿಯಲಿಲ್ಲ. ಅದು ನನ್ನ ಭಾವನ ಅಂಗಿಯ ವಾಸನೆ. ಮೂರು ವರ್ಷ ಆ ವಾಸನೆಯ ಮನೆಯಲ್ಲಿ ಉಂಡು ಮಲಗಿದವಳು ನಾನು.

ಭಾವ ಅಂದರೆ ನನ್ನ ಅಕ್ಕನ ಗಂಡ. ಹೊಳಲ್ಕೆರೆಯ ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿ, ಅಲ್ಲಿಂದ ದಿನಾ ಕಾಲೇಜಿಗೆ ಓಡಾಡುವುದು ಆಗದ ಮಾತಾಗಿತ್ತು. ಹಾಗಾಗಿ ಪಿಯುಸಿ ಮುಗಿದ ಮೇಲೆ ಡಿಗ್ರಿಗೆಂದು ನನ್ನನ್ನು ಅಕ್ಕನ ಮನೆಯಲ್ಲಿ ಬಿಟ್ಟರು. ಎರಡು ಕೋಣೆಯ ಮನೆ. ಒಂದರಲ್ಲಿ ಅಕ್ಕ, ಭಾವ, ಅವರ ಮಗು. ಇನ್ನೊಂದರಲ್ಲಿ ನಾನು, ನನ್ನ ಪುಸ್ತಕ, ನನ್ನ ಬೂಟು. ಹೆಣ್ಣುಮಗಳು ಫುಟ್‌ಬಾಲ್ ಆಡುವುದಕ್ಕೆ ಅಪ್ಪನ ಮನೆಯಲ್ಲಿ ಎಷ್ಟು ಮುಖ ಸಿಂಡರಿಸಿದ್ದರೋ ಭಾವ ಅಷ್ಟೇ ಸಲೀಸಾಗಿ ಒಪ್ಪಿಕೊಂಡಿದ್ದರು. ನಾನು ಬಂದ ಮೊದಲ ತಿಂಗಳ ಸಂಬಳದಲ್ಲೇ ನನಗೆ ಹೊಸ ಬೂಟು ತಂದುಕೊಟ್ಟವರು ಅವರು.

ಸಣ್ಣ ಆಳು. ಕುತ್ತಿಗೆ ಸ್ವಲ್ಪ ಮುಂದಕ್ಕೆ ಬಾಗಿರುತ್ತಿತ್ತು, ಸದಾ ಯಾವುದೋ ಬಾಟಲಿಯ ಚೀಟಿ ಓದುತ್ತಿರುವವರ ಹಾಗೆ. ಏನು ಹೇಳಿದರೂ ಮೊದಲು ಒಂದೇ ಪ್ರಶ್ನೆ: "ಎಷ್ಟರಾಗೆ?" ನನಗೆ ಪರೀಕ್ಷೆಯಲ್ಲಿ ನಲವತ್ತು ಬಂತೆಂದರೆ, ಎಷ್ಟರಾಗೆ? ಈ ವಾರ ಆಸ್ಪತ್ರೆಗೆ ಬಂದ ಹತ್ತು ಕುರಿ ಸತ್ತವೆಂದು ಯಾರಾದರೂ ಗಾಬರಿಪಟ್ಟರೆ, ಬಂದಿದ್ದು ಎಷ್ಟು? ಅಕ್ಕನಿಗೆ ಇದು ತಲೆನೋವು. "ಇವರ ಜೊತೆ ಒಂದು ಮಾತು ನೆಟ್ಟಗೆ ಆಡಂಗಿಲ್ಲ" ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅವರಿಗೆ ಬುತ್ತಿ ಕೊಡಲು ಆಸ್ಪತ್ರೆಗೆ ಹೋಗಿದ್ದೆ. ಜಗಲಿಯ ಮೇಲೆ ಇಬ್ಬರು ಕುರಿಗಾಹಿಗಳು ತಮ್ಮ ತಮ್ಮ ಕುರಿಯ ಬಗ್ಗೆ ವಾದಕ್ಕಿಳಿದಿದ್ದರು. ಒಬ್ಬನ ಕುರಿ ಅಲ್ಲಿವರೆಗೆ ಹನ್ನೊಂದು ಮರಿ ಹಾಕಿತ್ತು, ಇನ್ನೊಬ್ಬನದು ಏಳು. ಭಾವ ಸಿರಿಂಜು ತೊಳೆಯುತ್ತಲೇ ಕೇಳಿದರು. "ನಿಂದಕ್ಕೆ ಎಷ್ಟು ವರ್ಷ ಆತಪ್ಪ?" "ಎಂಟು." "ಅವನದಕ್ಕೆ?" "ನಾಕು." "ಉಳಿದ ಮರಿ ಎಷ್ಟು?" ಹನ್ನೊಂದರಲ್ಲಿ ಆರು ಉಳಿದಿದ್ದವು. ಏಳರಲ್ಲಿ ಏಳೂ. ಹನ್ನೊಂದರವನು ಟವೆಲ್ ಕೊಡವಿ ಎದ್ದ. ಭಾವ ಅವನನ್ನು ಮತ್ತೆ ಕೂರಿಸಿದರು. "ಕುಂತ್ಕ. ನಿನ್ನ ಕುರಿ ಕೆಟ್ಟದ್ದು ಅಂತ ನಾನೆಲ್ಲಿ ಅಂದೆ? ನೀನಿರೋ ಕಡೆ ಮೇವು ಕಮ್ಮಿ, ತೋಳದ ಕಾಟ ಬೇರೆ ಐತೆ. ಅದನ್ನೂ ಲೆಕ್ಕಕ್ಕೆ ಹಿಡಿಬೇಕು." ಅವನು ಕೂತ. ಸಮಾಧಾನವಾಯಿತೋ ಇಲ್ಲವೋ, ಕೂತನಂತೂ ಹೌದು...

ಕಾಲೇಜಿನ ಎದುರಿನ ಟೀ ಅಂಗಡಿಯಲ್ಲೂ ಇದೇ ಕಥೆ. ಆ ಕಾಲದಲ್ಲಿ ಹುಡುಗರೆಲ್ಲ ಎರಡು ಪಕ್ಷವಾಗಿದ್ದರು, ಇಬ್ಬರು ವಿದೇಶಿ ಆಟಗಾರರಲ್ಲಿ ಯಾರು ದೊಡ್ಡವರು ಎಂದು. ಇವನದು ಇಷ್ಟು ಗೋಲು, ಅವನದು ಅಷ್ಟು ಗೋಲು ಎಂದು ಮೊಬೈಲ್ ತೆಗೆದು ಕಿರುಚಾಡುತ್ತಿದ್ದರು. ಭಾವ ಟೀ ಕುಡಿಯುತ್ತ ಕೇಳಿಸಿಕೊಂಡು, ಎಷ್ಟು ಆಟದಲ್ಲಿ, ಪೆನಾಲ್ಟಿ ಎಷ್ಟು, ಯಾವ ಟೀಮಿನ ಎದುರು, ಎಷ್ಟನೇ ವಯಸ್ಸಿನಲ್ಲಿ ಎಂದು ಒಂದೊಂದಾಗಿ ಕೇಳುತ್ತಿದ್ದರು. ಹುಡುಗರು ಸ್ವಲ್ಪ ಹೊತ್ತು ಹುಡುಕಿ ಬೇಸತ್ತು, "ಹಂಗಾದ್ರೆ ನೀವೇ ಹೇಳ್ರಿ ಸಾರ್, ಯಾರು ದೊಡ್ಡೋರು?" ಎನ್ನುತ್ತಿದ್ದರು. "ನಂಗೆ ಗೊತ್ತಿಲ್ಲಪ್ಪ. ಗೊತ್ತಿಲ್ಲ ಅನ್ನೋದು ಗೊತ್ತೈತೆ, ಅಷ್ಟೇ" ಎಂದು ಗ್ಲಾಸು ಇಟ್ಟು ಎದ್ದು ಹೋಗುತ್ತಿದ್ದರು.

ಇಂಥವರ ಕೈಗೆ ನಮ್ಮ ಆಟದ ಪುಸ್ತಕ ಬಂದದ್ದು ಆಕಸ್ಮಿಕವೇನಲ್ಲ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಸಿರಿಗೆರೆ, ಚಿತ್ರದುರ್ಗದ ಕಾಲೇಜು ಹುಡುಗಿಯರ ಪಂದ್ಯಗಳು ಭಾನುವಾರಗಳಲ್ಲಿ ನಡೆಯುತ್ತಿದ್ದವು. ದಾಖಲೆ ಇಡುವವರು ಯಾರೂ ಇರಲಿಲ್ಲ. ಭಾವ ತಾವಾಗಿಯೇ ಹೋಗಿ ಗೆರೆಯ ಹೊರಗೆ ಕೂತರು. ನಮೂನೆ ಬದಲಾದ್ದರಿಂದ ಆಸ್ಪತ್ರೆಯವರು ಬಿಸಾಡಿದ್ದ ಲಸಿಕೆ ರಿಜಿಸ್ಟರೊಂದನ್ನು ತಂದುಕೊಂಡಿದ್ದರು. ಅದರಲ್ಲಿ ಎತ್ತು, ಹಸು, ಎಮ್ಮೆ, ಕುರಿ, ಮೇಕೆ ಎಂದು ಐದು ಕಾಲಂ ಅಚ್ಚಾಗಿದ್ದವು. ಎತ್ತಿನ ಕೆಳಗೆ ಆಡಿದ ಪಂದ್ಯ, ಹಸುವಿನ ಕೆಳಗೆ ಆಡಿದ ನಿಮಿಷ, ಎಮ್ಮೆಯ ಕೆಳಗೆ ಗೋಲು, ಕುರಿಯ ಕೆಳಗೆ ಪೆನಾಲ್ಟಿಯಲ್ಲಿ ಬಂದ ಗೋಲು. ಮೇಕೆಯ ಕಾಲಂ ಖಾಲಿ. ಪಂದ್ಯ ಮುಗಿದ ಮೇಲೆ ನಾವು ಹುಡುಗಿಯರು ಅವರ ಸುತ್ತ ಮುಗಿಬಿದ್ದು, "ನನ್ನ ಎಮ್ಮೆ ಎಷ್ಟಾದವು ಭಾವ?" ಎಂದು ನಗುತ್ತಿದ್ದೆವು. ನನಗೊಬ್ಬಳಿಗೆ ಭಾವನಾಗಿದ್ದವರು ಇಡೀ ಟೀಮಿಗೆ ಭಾವನಾಗಿಬಿಟ್ಟಿದ್ದರು.

ನನ್ನ ಎಮ್ಮೆಗಳೇ ಎಲ್ಲರಿಗಿಂತ ಹೆಚ್ಚು. ಎರಡು ವರ್ಷದಲ್ಲಿ ಹತ್ತೊಂಬತ್ತು. ಎರಡನೆಯ ಸ್ಥಾನದಲ್ಲಿದ್ದವಳು ಹೊಸದುರ್ಗ ಕಾಲೇಜಿನ ಟೀಮಿನ ಒಬ್ಬಳು ಹುಡುಗಿ. ಅವಳದು ಒಂಬತ್ತು. ಬಿ.ದುರ್ಗದ ಕಡೆಯ ಕುರಿಯವರ ಮನೆಯವಳು. ಬೇಸಿಗೆಯಲ್ಲಿ ಅವಳ ಮನೆಯವರು ಹಿಂಡು ಹೊಡೆದುಕೊಂಡು ಭದ್ರಾ ಕಾಲುವೆಯ ಕಡೆ ಹೋದರೆ, ನಡೆಯಲಾಗದ ಎಳೆಮರಿಗಳನ್ನು ನೋಡಿಕೊಳ್ಳಲು ಇವಳು ಮನೆಯಲ್ಲಿ ಉಳಿಯುತ್ತಿದ್ದಳು. ಹಾಗಾಗಿ ಆಡಿದ್ದು ಕಡಿಮೆ. ಬಂದರೂ ತಡವಾಗಿ ಬಂದು, ದ್ವಿತೀಯಾರ್ಧದಲ್ಲಿ ಇಳಿಯುತ್ತಿದ್ದಳು. ನನ್ನ ಜೊತೆ ಮಾತಾಡಿದ್ದು ಒಂದೋ ಎರಡೋ ಸಲ. ಒಮ್ಮೆ ನಲ್ಲಿಯ ಹತ್ತಿರ ನೀರು ಕುಡಿಯುವಾಗ, "ನಿಮ್ಮ ಭಾವ ನಮ್ಮ ಕುರಿಗೂ ಸೂಜಿ ಚುಚ್ಚಕ್ಕೆ ಬರ್ತಾರೆ" ಎಂದಳು. ನಾನು "ಹೌದಾ" ಎಂದು ಹೊರಟುಬಂದೆ. ಅಷ್ಟು ಗರ್ವ ನನಗೆ ಎಲ್ಲಿಂದ ಬಂದಿತ್ತೋ.

ಕೊನೆಯ ವರ್ಷ ಜಿಲ್ಲಾ ತಂಡದ ಆಯ್ಕೆ ಬಂತು. ಹದಿನೈದು ಜನರಲ್ಲಿ ಹದಿನಾಲ್ಕು ಹೆಸರು ತೀರ್ಮಾನವಾಗಿ, ಮುಂಚೂಣಿಯ ಒಂದೇ ಜಾಗ ಉಳಿದಿತ್ತು. ರಾಜ್ಯಮಟ್ಟದಲ್ಲಿ ಆಡಿದ ಪ್ರಮಾಣಪತ್ರವಿದ್ದರೆ ದೈಹಿಕ ಶಿಕ್ಷಣದ ಕೋರ್ಸಿಗೆ ಸೀಟು ಸುಲಭವಾಗಿ ಸಿಗುತ್ತಿತ್ತು. ಆ ಸೀಟು ಸಿಗದಿದ್ದರೆ ಅಪ್ಪ ನನ್ನ ಮದುವೆಗೆ ಹುಡುಗನನ್ನು ನೋಡುವುದು ಖಚಿತವಾಗಿತ್ತು. ಇದು ಭಾವನಿಗೂ ಗೊತ್ತಿತ್ತು.

ಚಿತ್ರದುರ್ಗದ ಮೈದಾನದ ಪಕ್ಕದ ಒಂದು ಕೋಣೆಯಲ್ಲಿ ಸಮಿತಿ ಕೂತಿತ್ತು. ಚಂದ್ರವಳ್ಳಿ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು, ಬಾಗಿಲು ತೆರೆದೇ ಇಟ್ಟಿದ್ದರು. ನಾವಿಬ್ಬರೂ ಹೊರಗಿನ ಕಲ್ಲುಬೆಂಚಿನ ಎರಡು ತುದಿಗೆ ಕೂತಿದ್ದೆವು. ಭಾವ ಸಮಿತಿಯವರಲ್ಲ, ರಿಜಿಸ್ಟರ್ ತರಲು ಹೇಳಿದ್ದರೆಂದು ರಜೆ ಹಾಕಿ ಬಂದಿದ್ದರು. ಅಧ್ಯಕ್ಷರು ಪುಟ ತಿರುವಿ ದೊಡ್ಡ ದನಿಯಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಈ ಹುಡುಗಿ ಹತ್ತೊಂಬತ್ತು. ಆ ಹುಡುಗಿ ಒಂಬತ್ತು. ಮುಗೀತಲ್ಲ? ಬರೀರಿ ಹೆಸರು."

ನನ್ನ ಎದೆ ಹಗುರಾಗಿ ಕಾಲು ಚಾಚಿದೆ. ಆಗ ಭಾವನ ದನಿ ಕೇಳಿತು.

"ಮುಗೀಲಿಲ್ಲ ಸಾರ್."

ಒಳಗೆ ಯಾರೋ ಕುರ್ಚಿ ಸರಿಸಿದರು. ಭಾವ ನಿಧಾನವಾಗಿ, ಔಷಧದ ಪ್ರಮಾಣ ಹೇಳುವ ಹಾಗೆ ಹೇಳುತ್ತ ಹೋದರು. "ಹತ್ತೊಂಬತ್ತರಾಗೆ ಏಳು ಪೆನಾಲ್ಟಿ ಅವೆ. ಅವಳದ್ರಾಗೆ ಒಂದೂ ಇಲ್ಲ, ಅವರ ಟೀಮಿನಾಗೆ ಪೆನಾಲ್ಟಿ ಹೊಡೆಯೋದು ಕ್ಯಾಪ್ಟನ್ನು. ಏಳು ಕಳೆದ್ರೆ ಹನ್ನೆರಡು. ಇವಳು ಇಪ್ಪತ್ತೆರಡು ಆಟ ಪೂರ್ತಿ ಆಡವಳೆ, ಆಟಕ್ಕೆ ಅರವತ್ತರಂಗೆ ಸಾವಿರದ ಮುನ್ನೂರ ಇಪ್ಪತ್ತು ನಿಮಿಷ. ಅಂದ್ರೆ ನೂರಾ ಹತ್ತು ನಿಮಿಷಕ್ಕೆ ಒಂದು ಗೋಲು. ಅವಳು ಆಡಿದ್ದು ಎಂಟೇ ಆಟ. ಅದ್ರಾಗೂ ನಾಕು ಅರ್ಧರ್ಧ. ಮುನ್ನೂರ ಅರವತ್ತು ನಿಮಿಷ. ನಲವತ್ತು ನಿಮಿಷಕ್ಕೆ ಒಂದು."

"ಅಯ್ಯೋ, ಅಷ್ಟೆಲ್ಲ ಯಾಕ್ರಿ?"

"ಇನ್ನೂ ಐತೆ ಸಾರ್. ಇವಳು ಒಂದೇ ಆಟದಾಗೆ ಆರು ಹೊಡೆದವಳೆ. ಅವತ್ತು ಎದುರಿನೋರು ಬಂದಿದ್ದೇ ಎಂಟು ಜನ. ಅದನ್ನ ಕಳೀರಿ ಅನ್ನಲ್ಲ, ಗೋಲು ಗೋಲೇ. ಗೊತ್ತಿರ್ಲಿ ಅಂದೆ. ಆ ಕಡೇದೂ ಹೇಳ್ತೀನಿ. ಎಂಟಾಟ ಅನ್ನೋದು ಭಾಳ ಕಮ್ಮಿ. ಅದೃಷ್ಟಾನೂ ಇರಬೋದು. ಇನ್ನು ಮೂರಾಟ ಖಾಲಿ ಹೋದ್ರೆ ಅವಳದೂ ಅರವತ್ತಕ್ಕೆ ಬರ್ತೈತೆ. ಅದನ್ನೂ ಬರ್ಕಳ್ರಿ."

ಒಳಗೆ ಪುಟ ಮಗುಚಿದ ಸದ್ದಾಯಿತು. ನಂತರ ಅಧ್ಯಕ್ಷರು ಕೇಳಿದರು, "ಈಕೆ ನಿಮ್ಮನೆಯವಳೇ ಅಲ್ವೇನ್ರಿ?"

"ಹೌದು ಸಾರ್. ನನ್ನ ಹೆಂಡ್ತಿ ತಂಗಿ. ಅದಕ್ಕೇ ಬಾಯಿಬಿಟ್ಟು ಹೇಳ್ಬೇಕಾತು."

ನಾನು ಬೆಂಚಿನ ಆ ತುದಿಗೆ ನೋಡಿದೆ. ಅವಳು ತಲೆ ಬಗ್ಗಿಸಿ ಉಗುರಿನಿಂದ ಕಲ್ಲು ಕೆರೆಯುತ್ತಿದ್ದಳು. ಅವಳ ಮುಖದಲ್ಲಿ ಖುಷಿ ಇರಲಿಲ್ಲ, ಹೆದರಿಕೆ ಇತ್ತು. ಹತ್ತು ನಿಮಿಷದ ನಂತರ ಗುಮಾಸ್ತರೊಬ್ಬರು ಬಂದು ಅವಳ ಹೆಸರು ಕರೆದರು.

ಹೊಳಲ್ಕೆರೆಗೆ ವಾಪಸು ಬರುವ ಬಸ್ಸಿನಲ್ಲಿ ಭಾವ ನನ್ನ ಪಕ್ಕದ ಸೀಟಿನಲ್ಲೇ ಕೂತಿದ್ದರು. ಮಡಿಲಲ್ಲಿ ರಿಜಿಸ್ಟರ್. ದಾರಿಯಲ್ಲಿ ಒಮ್ಮೆ, "ಎಳನೀರು ಕುಡೀತೀಯಾ?" ಎಂದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಮನೆಗೆ ಬಂದ ಮೇಲೆ ನಡೆದದ್ದೆಲ್ಲ ನನ್ನ ಬಾಯಿಂದಲೇ ಅಕ್ಕನಿಗೆ ತಿಳಿಯಿತು. ಅವಳು ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಎಸೆದಳು. "ಕೇಳದವರ ಮುಂದೆ ಎದ್ದು ನಿಂತು ನನ್ನ ತಂಗಿ ಬಾಯಿಗೆ ಮಣ್ಣು ಹಾಕಿ ಬಂದ್ರಲ್ಲ. ಸುಮ್ನೆ ಕುಂತಿದ್ರೆ ಸಾಕಾಗಿತ್ತು. ಸುಳ್ಳು ಹೇಳಿ ಅಂದಿದ್ನಾ ನಾನು? ಸುಮ್ನೆ ಕುಂತ್ಕಳ್ಳೋಕೂ ಬರಲ್ವಾ ನಿಮಗೆ?" ಭಾವ ಸೌಟನ್ನು ಎತ್ತಿ ತೊಳೆದು ಜಾಗದಲ್ಲಿಟ್ಟರು.

ರಾಜ್ಯಮಟ್ಟದಲ್ಲಿ ನಮ್ಮ ಜಿಲ್ಲೆ ಮೊದಲ ಪಂದ್ಯದಲ್ಲೇ ಸೋತುಬಂತು. ಆ ಹುಡುಗಿ ಒಂದು ಗೋಲೂ ಹೊಡೆದಿರಲಿಲ್ಲ. ಸುದ್ದಿ ತಿಳಿದಾಗ ನನಗಾದ ಸಂತೋಷವನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ನೇರವಾಗಿ ಆಸ್ಪತ್ರೆಗೆ ಹೋದೆ. ಭಾವ ಒಂದು ಮೇಕೆಯ ಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಎಲ್ಲರ ಎದುರಿಗೇ, "ಏನಾತು ನಿಮ್ಮ ಲೆಕ್ಕ?" ಎಂದೆ. ಅವರು ಗಂಟು ಹಾಕುವುದನ್ನು ಮುಗಿಸಿ ತಲೆ ಎತ್ತಿದರು. "ಒಂದಾಟದಿಂದ ಏನೂ ಹೇಳಕ್ಕಾಗಲ್ಲ ಕಣವ್ವ. ಆ ಹುಡುಗಿ ತಪ್ಪಲ್ಲ ಅದು. ನೀನು ಹೋಗಿದ್ರೂ ಹಿಂಗೇ ಆಗಬೋದಿತ್ತು. ಆಗದೇನೂ ಇರಬೋದಿತ್ತು." ನನ್ನ ಕಡೆಗೆ ಒಂದು ಮಾತು ಬೀಳಲಿ ಎಂದು ಕಾದೆ. ಬೀಳಲಿಲ್ಲ. ಆ ವಾರವೇ ಸಾಮಾನು ಕಟ್ಟಿಕೊಂಡು ಕಾಲೇಜಿನ ಹಾಸ್ಟೆಲಿಗೆ ಹೋದೆ. ಅವರು ಕೊಡಿಸಿದ ಬೂಟು ಬಿಟ್ಟು ಹೋದೆ.

ಆ ಮೇಲಿನದು ಉದ್ದದ ಕಥೆಯೇನಲ್ಲ. ಅಪ್ಪನ ಜೊತೆ ಒಂದು ವರ್ಷ ಜಗಳವಾಡಿ, ಪ್ರವೇಶ ಪರೀಕ್ಷೆ ಬರೆದು, ತಡವಾಗಿಯಾದರೂ ಅದೇ ಕೋರ್ಸ್ ಮಾಡಿದೆ. ಹಿರಿಯೂರಿನ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾದೆ. ಆ ಹುಡುಗಿ ಮದುವೆಯಾಗಿ ದಾವಣಗೆರೆ ಕಡೆ ಹೋದಳೆಂದು ಕೇಳಿದ್ದೆ. ಅಕ್ಕನ ಮನೆಗೆ ಹಬ್ಬಹರಿದಿನಕ್ಕೆ ಹೋಗುತ್ತಿದ್ದೆ, ಆದರೆ ಭಾವನ ಜೊತೆ ಉಪ್ಪು ಕೊಡಿ, ನೀರು ಕೊಡಿ ಎನ್ನುವುದನ್ನು ಬಿಟ್ಟು ಮಾತಿರಲಿಲ್ಲ. ಅಕ್ಕನೂ ಅಷ್ಟೇ. ಏನು ಜಗಳ ಬಂದರೂ ಕೊನೆಗೆ ಆ ದಿನಕ್ಕೇ ಬಂದು ನಿಲ್ಲುತ್ತಿದ್ದಳು. ಭಾವ ಬೈಸಿಕೊಳ್ಳುತ್ತಿದ್ದರು. ನಾನು ಅದೇ ಮನೆಯಲ್ಲಿ ಊಟ ಮಾಡಿ ಕೈತೊಳೆದು ಬರುತ್ತಿದ್ದೆ.

ನಾನೇ ಹುಡುಗಿಯರಿಗೆ ಆಟ ಹೇಳಿಕೊಡಲು ಶುರುಮಾಡಿ ಎರಡು ವರ್ಷವಾಗುವಷ್ಟರಲ್ಲಿ ಅವರು ಹೇಳಿದ್ದು ಸರಿ ಎಂದು ನನಗೆ ತಿಳಿದಿತ್ತು. ಹೆಚ್ಚು ಹೊತ್ತು ಆಡಿದವಳಿಗೆ ಹೆಚ್ಚು ಗೋಲು ಬರುತ್ತದೆ, ಪೆನಾಲ್ಟಿ ಹೊಡೆಯುವವಳ ಲೆಕ್ಕ ದಪ್ಪಗಾಗುತ್ತದೆ, ಒಂದು ಸುಲಭದ ಪಂದ್ಯ ಇಡೀ ವರ್ಷದ ಅಂಕಿಯನ್ನು ಉಬ್ಬಿಸುತ್ತದೆ. ಇಷ್ಟು ತಿಳಿಯಲು ದೊಡ್ಡ ಓದು ಬೇಕಿಲ್ಲ. ತಿಳಿದೂ ಸುಮ್ಮನಿದ್ದೆ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು...

ಅವರು ನಿವೃತ್ತರಾದ ಮೇಲೆ ಕೈನಡುಕ ಶುರುವಾಯಿತು. ಒಂದು ಮಧ್ಯಾಹ್ನ ಹೋಗಿದ್ದಾಗ ಅಕ್ಕ ಪಕ್ಕದ ಮನೆಗೆ ಹೋಗಿದ್ದಳು. ಭಾವ ಒಬ್ಬರೇ ಕಿಟಕಿಯ ಬಳಿ ಕೂತು ಆ ಹಳೆಯ ರಿಜಿಸ್ಟರ್ ತೆರೆದಿಟ್ಟುಕೊಂಡಿದ್ದರು. ನನ್ನನ್ನು ಕಂಡು, "ಬಾರವ್ವ, ಇದನ್ನ ನೋಡು" ಎಂದು ಪುಟವನ್ನು ನನ್ನ ಕಡೆ ತಿರುಗಿಸಿದರು. ಮೇಕೆಯ ಕಾಲಂ ತುಂಬಿತ್ತು. ಮೇಲೆ ಪೆನ್ನಿನಲ್ಲಿ "ಕೊಟ್ಟಿದ್ದು" ಎಂದು ಬರೆದಿದ್ದರು. ಗೋಲು ಹೊಡೆಯುವವಳಿಗೆ ಚೆಂಡು ಕೊಟ್ಟವರ ಲೆಕ್ಕ. ಅದು ಶುರುವಾದದ್ದು ಆಯ್ಕೆಯ ಮರುವಾರದ ಪಂದ್ಯದಿಂದ.

"ನೀನು ಭಾಳ ಕೊಡ್ತಿದ್ದೆ" ಎಂದರು. "ಬೇರೇರಿಗೆ. ನಾನು ನೋಡ್ತಿದ್ದೆ. ಆದ್ರೆ ಬರ್ದಿರ್ಲಿಲ್ಲ. ಮೊದ್ಲಿಂದ್ಲೂ ಆ ಕಾಲಂ ಹಾಕಬೇಕಿತ್ತು, ಹೊಳೀಲಿಲ್ಲ ನಂಗೆ. ಅವತ್ತು ಸಮಿತಿ ಮುಂದೆ ಬಾಯಿಗೆ ಬಂದಿತ್ತು. ಬರ್ದಿರೋದಾದ್ರೆ ಹೇಳಬೋದು. ನೆನಪಿಂದ ಹೇಳಿದ್ರೆ ಲೆಕ್ಕ ಇಟ್ಟೋನಲ್ಲ, ನಿನ್ನ ಭಾವ ಹೇಳ್ದಂಗೆ ಆಗ್ತಿತ್ತು. ಅದಕ್ಕೆ ನುಂಗ್ಕಂಡೆ."

"ಹೇಳಿದ್ರೆ ನನ್ನನ್ನ ತಗೋತಿದ್ರಾ?" ಎಂದು ಕೇಳಿದೆ. ಅಷ್ಟು ವರ್ಷದ ನಂತರ ಅವರೊಡನೆ ಆಡಿದ ಮೊದಲ ನಿಜವಾದ ಮಾತು.

"ಗೊತ್ತಿಲ್ಲ. ಆಗ್ಲೂ ಅವಳೇ ಹೋಗ್ತಿದ್ಲೇನೋ. ಆದ್ರೆ ನಿಂದು ಪೂರ್ತಿ ಬರ್ತಿತ್ತು ಅದ್ರಾಗೆ. ನಾನು ನಿಂದು ಅರ್ಧ ಓದಿದೆ."

ಪುಟದ ಮಡಿಚಿದ ಮೂಲೆಯನ್ನು ಬೆರಳಿನಿಂದ ನೆಟ್ಟಗೆ ಮಾಡಿದರು. ಆಗ ಹೇಳಬಹುದಿತ್ತು. ನೀವು ಮಾಡಿದ್ದು ಸರಿ, ಅರ್ಧವಾದರೂ ಸರಿಯಾದ ಅರ್ಧ ಎಂದು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅಕ್ಕ ಒಳಗೆ ಬಂದು, "ಆ ಹಾಳು ಪುಸ್ತಕ ಮತ್ತೆ ತೆಗೆದ್ರಾ?" ಎಂದಳು. ಭಾವ ರಿಜಿಸ್ಟರ್ ಮುಚ್ಚಿದರು. ನಾನು ಟೀ ಕುಡಿದು ಬಸ್ಸು ಹಿಡಿದೆ. ಮಳೆಗಾಲ ಮುಗಿಯುವುದರೊಳಗೆ ಅವರು ಹೋಗಿಬಿಟ್ಟರು. ಸುದ್ದಿ ಬಂದಾಗ ಸಿರಿಗೆರೆಯಲ್ಲಿ ಒಂದು ಪಂದ್ಯ ನಡೆಸುತ್ತಿದ್ದೆ, ಸೀಟಿ ಬಾಯಲ್ಲೇ ಇತ್ತು.

ಕುರಿಹಿಂಡು ದಾಟಿ ಬಸ್ಸು ಹೊರಟಿತು. ನಾನು ಹೊರಟಿದ್ದದ್ದೂ ಚಿತ್ರದುರ್ಗದಲ್ಲಿ ಶಾಲಾ ಹುಡುಗಿಯರ ತಂಡದ ಆಯ್ಕೆಗೆ. ಈಗ ಸಮಿತಿಯಲ್ಲಿ ನಾನೂ ಒಬ್ಬಳು. ಮಧ್ಯಾಹ್ನದ ಹೊತ್ತಿಗೆ ಕೊನೆಯ ಜಾಗಕ್ಕೆ ಉಳಿದವರು ಇಬ್ಬರು ಹುಡುಗಿಯರು, ಒಬ್ಬಳ ಗೋಲು ಹೆಚ್ಚು, ಒಬ್ಬಳದು ಕಡಿಮೆ. ಹೆಚ್ಚಿನವಳು ಎಷ್ಟು ನಿಮಿಷ ಆಡಿದ್ದಾಳೆ ಎಂದು ಕೇಳಿದೆ. ಆ ಲೆಕ್ಕ ಯಾರ ಬಳಿಯೂ ಇರಲಿಲ್ಲ. "ಮೇಡಂ, ಪಟ್ಟಿ ಆಗ್ಲೇ ಟೈಪ್ ಆಗೈತೆ. ಊಟದ ಹೊತ್ತಾತು" ಎಂದರು ಪಕ್ಕದವರು. ಇನ್ನೊಂದು ಸಲ ಹೇಳಿದೆ. ಅವರು ನನ್ನ ಮುಖ ನೋಡಿದರು. ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತು ಕಾಲು ನೋಯುತ್ತಿತ್ತು. ನಾನು ಸಹಿ ಹಾಕಿದೆ. ಎದ್ದು ನಿಲ್ಲಲಿಲ್ಲ.

ಹಿರಿಯೂರಿಗೆ ಹೋಗಬೇಕಿದ್ದವಳು ಹೊಳಲ್ಕೆರೆ ಬಸ್ಸು ಹತ್ತಿದೆ. ಸಂಜೆಯ ಹೊತ್ತಿಗೆ ಮನೆ ತಲುಪಿದಾಗ ಅಕ್ಕ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ಏನೇ, ಹೇಳ್ದೆ ಕೇಳ್ದೆ?" ಎಂದು ಜಾಗ ಬಿಟ್ಟಳು. ಪಕ್ಕದಲ್ಲಿ ಕೂತು ನಾನೂ ಸುಲಿಯತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಹೇಳಿದೆ.

"ಅಕ್ಕ, ಅವತ್ತು ಭಾವ ಮಾಡಿದ್ದು ಸರಿ ಇತ್ತು. ನಂಗೆ ಭಾಳ ವರ್ಷದಿಂದ ಗೊತ್ತಿತ್ತು."

ಅಕ್ಕನ ಕೈ ನಿಂತಿತು. ಬೈಯುತ್ತಾಳೆಂದುಕೊಂಡೆ. ಅವಳು ಮೊರದಲ್ಲಿದ್ದ ಕಾಳುಗಳನ್ನೇ ನೋಡುತ್ತಿದ್ದಳು.

"ನೀನು ಗೊತ್ತಾದಾಗ್ಲೇ ಹೇಳಿದ್ರೆ ನಾನೂ ಅವರನ್ನ ಅಷ್ಟು ಅಂತಿರ್ಲಿಲ್ಲ ಕಣೇ" ಎಂದಳು. "ನಾನು ನಿನ್ನ ಪರವಾಗಿ ಅಂತಿದ್ದೆ."

ನಾನು ಇನ್ನೊಂದು ಹಿಡಿ ಕಾಯಿ ಎತ್ತಿಕೊಂಡೆ. ಇಬ್ಬರೂ ಕತ್ತಲಾಗುವವರೆಗೂ ಸುಲಿದೆವು.